ಕೀ ನೂರಮೂವತ್ತು ಅಡಿ ಕೆಳಗೆ

ಮೂರನೆಯ ಬಕೆಟ್ ನೀರು ತಲೆಯ ಮೇಲೆ ಬಿದ್ದಾಗ ಓರೆನ್ ಕೂಗಲಿಲ್ಲ. ಕೂಗುವುದಕ್ಕೆ ಎದೆಯಲ್ಲಿ ಉಸಿರೇ ಇರಲಿಲ್ಲ.

ನವೆಂಬರ್ ಕೊನೆಯ ವಾರ. ಮಧ್ಯಾಹ್ನ ಹನ್ನೆರಡೂವರೆ. ಸುಪೀರಿಯರ್ ಸರೋವರದ ಮೇಲೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಗಾಳಿ. ದೋಣಿಯ ಕಂಬಿಗೆ ಕೋಳ ಹಾಕಿಸಿಕೊಂಡು ಕೂತಿದ್ದ ನನ್ನ ಭಾವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕುತ್ತಲೇ ಹೆಪ್ಪುಗಟ್ಟುತ್ತಿತ್ತು.

"ನಲವತ್ತು ನಿಮಿಷ," ಅಂದ ಗ್ಯಾರಟ್. "ಒದ್ದೆ ಬಟ್ಟೇಲಿ ಅಷ್ಟು ಹೊತ್ತು ತಡೀತಾನಾ ಇವನು?"

"ತಡೆಯಲ್ಲ."

"ಹಾಗಾದ್ರೆ ನೀನು ಬೇಗ ಮುಗಿಸ್ತೀಯ."

ಕೋಳದ ಕೀಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ. ಕಬ್ಬಿಣ ಕತ್ತರಿಸುವ ಕಟ್ಟರನ್ನು ಆಗಲೇ ನೀರಿಗೆ ಎಸೆದಾಗಿತ್ತು. ಪಿಸ್ತೂಲು ನನ್ನ ಎದೆಗೆ ಗುರಿಯಿಟ್ಟಿತ್ತು.

"ನಾನು ಮೇಲೆ ಬರದಿದ್ರೆ ಕೀ ಬರಲ್ಲ. ಕೀ ಬರದಿದ್ರೆ ನಿನ್ನ ಭಾವ ಐಸ್ ಪೆಟ್ಟಿಗೇಲಿರೋ ಮೀನು. ಅರ್ಥ ಆಯ್ತಾ?"

ಅರ್ಥವಾಗದೆ ಏನು?

ನನ್ನ ಹೆಸರು ಐಲಿ ಕೊಸ್ಕಿ. ಹದಿನಾಲ್ಕು ವರ್ಷ ಶೆರಿಫ್ ಕಚೇರಿಯ ಮುಳುಗು ತಂಡದಲ್ಲಿದ್ದೆ. ಈಗ ಬಾಡಿಗೆಗೆ ಮುಳುಗುತ್ತೇನೆ. ಬಂದೂಕು, ಮದುವೆಯುಂಗುರ, ಹೆಣ... ಸರೋವರ ನುಂಗಿದ್ದು ಏನೇ ಇರಲಿ, ಕೇಳಿದವರಿಗೆ ತಂದುಕೊಡುತ್ತೇನೆ.

ಮೂರು ವಾರದ ಹಿಂದೆ ತಂದದ್ದು ಮಾರ್ನಿಯ ಹೆಣ. ಮುಳುಗಿದ ಹಡಗುಗಳ ಫೋಟೋ ತೆಗೆಯುವ ಹುಡುಗಿ. ಇಪ್ಪತ್ತಾರು ವರ್ಷ. 'ಜಾರ್ಜಿಯಾನಾ ಪೈಕ್' ಅಂತ ಗೋಧಿ ಸಾಗಿಸುತ್ತಿದ್ದ ಒಂದು ಹಡಗು ನೂರು ವರ್ಷದಿಂದ ಇಲ್ಲಿ ತಳದಲ್ಲಿ ಕೂತಿದೆ. ಅದರೊಳಗೆ ಸತ್ತಿದ್ದಳು. ಗಾಳಿಯ ಕೊಳವೆ ತುಂಡಾಗಿತ್ತು. ತುಕ್ಕು ಹಿಡಿದ ತಗಡಿಗೆ ಸಿಕ್ಕಿ ಹರಿದಿದೆ ಅಂತ ಬರೆದು ಕೇಸು ಮುಚ್ಚಿದರು. ತಗಡಿನ ಗೆರೆ ಯಾವುದು, ಚಾಕುವಿನ ಗೆರೆ ಯಾವುದು ಅಂತ ನನಗೆ ಗೊತ್ತಿಲ್ಲವೇ? ಹಡಗಿನ ಕಂಚಿನ ಗಂಟೆಯೂ ಮಾಯವಾಗಿತ್ತು. ಮುಳುಗಿದ ಹಡಗಿನಿಂದ ಒಂದು ಮೊಳೆ ಕಿತ್ತರೂ ಇಲ್ಲಿ ಕೇಸು. ಗಂಟೆ ಕಿತ್ತವನ ಮುಖ ಮಾರ್ನಿಯ ಕ್ಯಾಮೆರಾದಲ್ಲಿರುತ್ತದೆ, ಅದಕ್ಕೇ ಅವಳನ್ನು ಕೊಂದರು.

ಆ ಕ್ಯಾಮೆರಾ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹೆಣ ತರುವಾಗಲೇ ನೋಡಿದ್ದೆ. ನನ್ನ ಗಾಳಿ ಮುಗಿಯುತ್ತ ಬಂದಿತ್ತು, ಬಿಟ್ಟುಬಂದೆ. ಆಮೇಲೆ ಮೂರು ವಾರ ಬಿರುಗಾಳಿ. ಗಾಳಿ ನಿಂತ ಕೂಡಲೇ ಹೋಗಿ ತರುತ್ತೇನೆ ಅಂತ ಭಾನುವಾರ ಅಕ್ಕ ಸೈಮಿಯ ಮನೆಯಲ್ಲಿ ಕಾಫಿ ಕುಡಿಯುತ್ತ ಹೇಳಿದ್ದೆ.

ಇವತ್ತು ಅಕ್ಕನ ಗಂಡ ಓರೆನ್‌ನ ದೋಣಿಯಲ್ಲೇ ಹೊರಟೆ. ನಡುನೀರಿಗೆ ಬಂದಾಗ ಕೆಳಗಿನ ಕ್ಯಾಬಿನ್ನಿನಿಂದ ಈ ಗ್ಯಾರಟ್ ಪಿಸ್ತೂಲು ಹಿಡಿದು ಎದ್ದುಬಂದ. ಫ್ಲೋರಿಡಾದವನು. ಹಳೆಯ ಹಡಗಿನ ಸಾಮಾನು ಕೊಂಡು ಮಾರುವವನು. ಬಿಸಿಲಿಗೆ ಸುಟ್ಟ ಮುಖ, ಬೆಳ್ಳಗಿನ ಹಲ್ಲು.

"ಇಷ್ಟು ತಣ್ಣೀರಲ್ಲಿ ಮುಳುಗಿದ್ದೀಯಾ?" ಅಂತ ಕೇಳಿದೆ.

"ನಾನು ಸಮುದ್ರದಲ್ಲಿ ಸಾವಿರ ಸಲ ಮುಳುಗಿದವನು ಕಣೆ. ಇದು ಕೆರೆ."

ಅಷ್ಟು ಹೇಳಿ ಅವನು ಗಾಳಿಯ ಕೊಳವೆಯ ತುದಿಯ ರೆಗ್ಯುಲೇಟರನ್ನು ಬಾಯಿಗೆ ಕಚ್ಚಿಕೊಂಡ. ದೋಣಿಯ ಮೇಲೆ ನಿಂತೇ, ಆ ಕೊರೆಯುವ ಗಾಳಿಯಲ್ಲಿ, ಐದಾರು ಸಲ ಜೋರಾಗಿ ಉಸಿರಾಡಿ ನೋಡಿದ.

ನನ್ನ ಕಣ್ಣು ಆ ರೆಗ್ಯುಲೇಟರಿನ ಮೇಲೇ ನಿಂತಿತು.

ತಲೆ ನೀರೊಳಗೆ ಹೋಗುವ ತನಕ ಅದರಲ್ಲಿ ಉಸಿರಾಡಬಾರದು. ಬಾಯಿಯ ಹಸಿ ಉಸಿರು ಒಳಗೆ ಮಂಜುಗಡ್ಡೆಯಾಗುತ್ತದೆ. ಆಳಕ್ಕೆ ಹೋದ ಮೇಲೆ ಅದರ ಕವಾಟ ತೆರೆದ ಹಾಗೇ ಸಿಕ್ಕಿಕೊಂಡು ಸಿಲಿಂಡರಿನ ಗಾಳಿಯೆಲ್ಲ ಭುಸ್ಸೆಂದು ಹೊರಟುಹೋಗುತ್ತದೆ. ಈ ದಡದಲ್ಲಿ ಮುಳುಗಲು ಕಲಿಯುವವರಿಗೆ ಮೊದಲ ದಿನವೇ ಹೇಳುವ ಮಾತು ಇದು. ಗೊತ್ತಿಲ್ಲದೆ ಯಾರಾದರೂ ಹಾಗೆ ಮಾಡಿದರೆ, ಅವನು ಪರಮವೈರಿಯಾದರೂ, ನಾವು ಕೂಗಿ ನಿಲ್ಲಿಸುತ್ತೇವೆ. ಬಾಯಿ ತಾನಾಗಿ ಕೂಗುತ್ತದೆ.

ಓರೆನ್‌ನ ಬಾಯಿ ಕೂಗಿಯೇಬಿಟ್ಟಿತು.

"ಏಯ್... ಅದನ್ನ ಇಲ್ಲಿ..."

ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಬಾಯಿ ಮುಚ್ಚಿಕೊಂಡ.

"ಏನೋ ಅದು?" ಅಂದ ಗ್ಯಾರಟ್.

"ಚಳಿ ಅಂತಿದ್ದಾನೆ," ಅಂದೆ ನಾನು.

"ಚಳಿ ಅಂತೆ. ನೀರಿಗೆ ಹಾರು ನೀನು."

ಹಾರಿದೆ. ನಾನು ನೀರಿಗಿಳಿದ ಮೇಲೆಯೇ ಅವನು ಪಿಸ್ತೂಲನ್ನು ಚುಕ್ಕಾಣಿ ಕೋಣೆಯೊಳಗಿಟ್ಟು ಹಾರಿದ. ಹೇಳಬೇಕಿತ್ತೇ ಅಂತ ಕೇಳಬೇಡಿ. ಹೇಳದೇ ಇದ್ದದ್ದಕ್ಕೆ ನನಗೆ ಆಗಲೂ ಬೇಸರವಿರಲಿಲ್ಲ, ಈಗಲೂ ಇಲ್ಲ. ಮಾರ್ನಿಯ ಮುಖ ನಾನು ನೋಡಿದ್ದೇನೆ, ನೀವು ನೋಡಿಲ್ಲ.

ಇಳಿಯುತ್ತ ಹೋದೆವು. ಐವತ್ತಡಿ... ತೊಂಬತ್ತು... ನೂರಮೂವತ್ತು. ತುಟಿಗಳು ಮರಗಟ್ಟಿದವು. ಇಷ್ಟು ತಣ್ಣನೆಯ ಸಿಹಿನೀರಿನಲ್ಲಿ ಮರ ಸುಲಭಕ್ಕೆ ಕೊಳೆಯುವುದಿಲ್ಲ. ಹಡಗಿನ ಕಟಕಟೆ, ಏಣಿ, ಅಡುಗೆಕೋಣೆಯ ಕಪಾಟು ಎಲ್ಲ ನಿನ್ನೆ ಮುಳುಗಿದ ಹಾಗೆ ನಿಂತಿವೆ. ಗಂಟೆ ತೂಗುತ್ತಿದ್ದ ಕೊಕ್ಕೆ ಮಾತ್ರ ಖಾಲಿ.

ಗ್ಯಾರಟ್ ನನ್ನ ಬೆನ್ನಿಗೇ ಇದ್ದ. ಚಾಕು ಕೈಯಲ್ಲಿ. ಉಸಿರು ಒಂದೇ ಸಮನೆ, ಓಡಿ ಬಂದವನ ಹಾಗೆ. ತಣ್ಣೀರು ಅವನಿಗೆ ಆಗಲೇ ಪಾಠ ಶುರುಮಾಡಿತ್ತು.

ಬಾಯ್ಲರ್ ಕೋಣೆಯ ಬಾಗಿಲಲ್ಲಿ ಒಬ್ಬರು ನುಸುಳುವಷ್ಟೇ ಜಾಗ. ನಾನು ನುಸುಳಿದೆ. ಅವನೂ ನುಸುಳಿದ. ಬಾಯ್ಲರಿನ ಹಿಂದಿನ ಸಂದಿಯಲ್ಲಿ ಹಳದಿ ಕ್ಯಾಮೆರಾ ಇತ್ತು. ತೋಳನ್ನು ಭುಜದವರೆಗೆ ತೂರಿಸಿ ಎಳೆದೆ. ಬಂತು.

ಅವನು ಕೈ ಚಾಚಿದ. ಕೊಡು.

ಕೊಟ್ಟರೆ ಮುಂದಿನದು ನನ್ನ ಕೊಳವೆ. ಅವನ ಕಣ್ಣಿನಲ್ಲೇ ಬರೆದಿತ್ತು ಅದು. ನಾನು ಹಿಂದೆ ಸರಿದೆ. ಅವನು ಮುನ್ನುಗ್ಗಿದ. ಚಾಕು ಎಡತೋಳಿನ ಮೇಲೆ ನನ್ನ ಮುಳುಗುವ ಸೂಟನ್ನು ಸೀಳಿತು. ಒಳಗೆ ನುಗ್ಗಿದ ನೀರು ಗಾಯಕ್ಕಿಂತ ಹೆಚ್ಚು ಉರಿಯಿತು. ಇನ್ನೊಂದು ಕೈಯಿಂದ ನನ್ನ ಮುಖವಾಡ ಹಿಡಿದು ಕೀಳಲು ನೋಡಿದ. ನಾನು ಮೊಣಕಾಲೆತ್ತಿ ಅವನ ಹೊಟ್ಟೆಗೆ ಕೊಟ್ಟೆ. ಮತ್ತೊಂದು ಕೊಟ್ಟೆ. ಅವನು ಬಾಯಿತುಂಬ ಉಸಿರೆಳೆದ...

ಟಕ್.

ಆಮೇಲೆ ಭುಸ್ಸೆಂದು ಗಾಳಿ. ಅವನ ಬಾಯಿಯಿಂದ ಗುಳ್ಳೆಗಳ ಮಳೆ. ಎರಡನೆಯ ರೆಗ್ಯುಲೇಟರ್ ಕಚ್ಚಿದ. ಪ್ರಯೋಜನವೇನು? ಅದಕ್ಕೂ ಅದೇ ಸಿಲಿಂಡರು. ಒಂದೇ ಒಂದು ಸಿಲಿಂಡರು ಹೊತ್ತು ಬಂದಿದ್ದ ಪುಣ್ಯಾತ್ಮ.

ನನ್ನ ಬೆನ್ನಿಗೆ ಎರಡಿದ್ದವು. ಅವನಿಗೂ ಅದು ಕಂಡಿತು. ಕ್ಯಾಮೆರಾ ಮರೆತುಹೋಯಿತು. ಚಾಕು ಬೀಸುತ್ತ ನನ್ನ ಬಾಯಿಯ ಗಾಳಿಗೆ ಬಂದ.

ಕೈ ಮುಗಿದು ಕೇಳಿದ್ದರೆ ಕೊಡುತ್ತಿದ್ದೆನೇನೋ. ಗೊತ್ತಿಲ್ಲ. ಅವನು ಕೇಳಲಿಲ್ಲ.

ನನ್ನ ದೀಪ ಆರಿಸಿದೆ. ಕಾಲಿನಿಂದ ತಳದ ಕೆಸರನ್ನು ಎಬ್ಬಿಸಿದೆ. ಇಡೀ ಕೋಣೆ ಕಪ್ಪಾಯಿತು. ಕ್ಯಾಮೆರಾವನ್ನು ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡು, ಗೋಡೆ ಸವರುತ್ತ ಬಾಗಿಲು ಹುಡುಕಿ ಹೊರಗೆ ಜಾರಿದೆ. ಒಳಗೆ ಅವನು ತಗಡಿಗೆ ಗುದ್ದುವ ಸದ್ದು ಕೇಳುತ್ತಿತ್ತು. ದಡ್... ದಡ್... ಎರಡು ನಿಮಿಷ. ಮೂರು ನಿಮಿಷ.

ನಿಂತಿತು.

ಈಗ ವಾಪಸ್ ಹೋಗಬೇಕು. ಕೀ ಅವನ ಕೊರಳಲ್ಲಿದೆ. ಹೋಗಲು ನನಗೆ ಮನಸ್ಸಿತ್ತು ಅಂದುಕೊಂಡಿರಾ? ಕೆಸರಿನಲ್ಲಿ ಕುರುಡಿಯ ಹಾಗೆ ತಡಕಿದೆ. ಮೊದಲು ಬೂಟು ಸಿಕ್ಕಿತು. ಆಮೇಲೆ ಸೊಂಟ. ಆಮೇಲೆ ಮುಖ. ದಾರ ಕತ್ತರಿಸಿ ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೆ.

ಮೂವತ್ತೊಂದು ನಿಮಿಷ ಆಗಿತ್ತು.

ಅಷ್ಟು ಆಳದಿಂದ ಬರುವವರು ಇಪ್ಪತ್ತಡಿಯಲ್ಲಿ ನಿಂತು ಕಾಯಬೇಕು. ನನ್ನ ಲೆಕ್ಕದಲ್ಲಿ ಹದಿನೈದು ನಿಮಿಷ. ಕಾಯದಿದ್ದರೆ ರಕ್ತದಲ್ಲಿ ಗುಳ್ಳೆಯೆದ್ದು ಕೀಲುಗಳು ಹೋಗುತ್ತವೆ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ದೋಣಿಯ ಲಂಗರಿನ ಹಗ್ಗ ಹಿಡಿದು ನಿಂತೆ. ಎಡತೋಳು ನನ್ನದಲ್ಲ ಅನ್ನಿಸುತ್ತಿತ್ತು. ಮೇಲೆ ಓರೆನ್ ಹೆಪ್ಪುಗಟ್ಟುತ್ತಿದ್ದಾನೆ. ಅಕ್ಕನಿಗೆ ಅವನು ಬಿಟ್ಟರೆ ಯಾರಿದ್ದಾರೆ?

ನಿಂತಲ್ಲೇ ಇನ್ನೊಂದು ಯೋಚನೆ ಚುಚ್ಚಿತು. ಮಾರ್ನಿ ಸತ್ತ ದಿನವೂ ಇಂಥದೇ ಚಳಿ. ದೋಣಿಯ ಮೇಲೆ ರೆಗ್ಯುಲೇಟರ್ ಊದಿ ನೋಡುವವನು ಈ ಸರೋವರಕ್ಕೆ ಯಾವತ್ತೂ ಇಳಿದವನಲ್ಲ. ಹಾಗಾದರೆ ಅವಳ ಕೊಳವೆ ಕತ್ತರಿಸಿದ್ದು ಯಾರು?

ಉತ್ತರ ಹುಡುಕಲು ಪುರಸೊತ್ತಿರಲಿಲ್ಲ. ನಾಲ್ಕೇ ನಿಮಿಷಕ್ಕೆ ಹಗ್ಗ ಬಿಟ್ಟೆ.

ಹಿಂಬದಿಯ ಏಣಿಯ ಹತ್ತಿರ ತಲೆಯೆತ್ತಿದೆ. ಕಂಬಿಯಲ್ಲಿ ಕೋಳ ಖಾಲಿ ನೇತಾಡುತ್ತಿತ್ತು.

ಕಾಫಿಯ ವಾಸನೆ ಬಂತು.

ಚುಕ್ಕಾಣಿ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೀಟರಿನ ಕೆಂಪು ಬೆಳಕು. ಓರೆನ್ ಒಣಗಿದ ಕೋಟು ತೊಟ್ಟು, ಕೈಯಲ್ಲಿ ಮಗ್ ಹಿಡಿದು, ನನಗೆ ಬೆನ್ನು ಮಾಡಿ ನಿಂತಿದ್ದ. ಏಣಿಯ ಸದ್ದು ಕೇಳಿ ತಿರುಗದೆಯೇ ಮಾತಾಡಿದ.

"ಒಂದೇ ಬಕೆಟ್ ಅಂತ ಮಾತಾಗಿತ್ತಲ್ಲೋ, ಮೂರು ಸುರಿದೆಯಲ್ಲ. ಪ್ರಾಣ ಹೋಗಿತ್ತು. ಕ್ಯಾಮೆರಾ ಸಿಕ್ತಾ? ಅವಳ ಕಥೆ ಮುಗಿಸಿದೆಯಾ?"

ಮುಳುಗಲು ಭಾರಕ್ಕೆ ಕಟ್ಟಿದ್ದ ಸೊಂಟದ ಸೀಸದ ಪಟ್ಟಿ ಬಿಚ್ಚಿಕೊಂಡೆ. ಎಂಟು ಕಿಲೋ. ಬಾಗಿಲು ದಾಟಿದೆ.

ಅವನು ತಿರುಗಿದ. ಮಗ್ ಬಿತ್ತು.

"ಐಲಿ..."

"ಹೂಂ. ನಾನೇ."

ಅವನ ಕೈ ಮೇಜಿನ ಮೇಲಿದ್ದ ಪಿಸ್ತೂಲಿಗೆ ಹೋಯಿತು. ನನ್ನ ಕೈ ಬೀಸಿತು. ಗುಂಡು ನನ್ನ ಕಿವಿಯ ಪಕ್ಕದಲ್ಲಿ ಹಾದು ಗಾಜು ಒಡೆಯಿತು. ಸೀಸ ಅವನ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಎರಡನೆಯ ಸಲ ಮೊಣಕಾಲಿಗೆ ಬೀಸಿದೆ. ಕುಸಿದ. ಮೂರನೆಯದು ಬೇಕಿರಲಿಲ್ಲ. ಆದರೂ ದವಡೆಗೆ ಹಾಕಿದೆ. ಅದು ಮಾರ್ನಿಯ ಲೆಕ್ಕಕ್ಕೆ.

ಎಳೆದುಕೊಂಡು ಹೋಗಿ ಅದೇ ಕಂಬಿಗೆ, ಅದೇ ಕೋಳ ಹಾಕಿದೆ. ಅವನ ಜೇಬಿನಲ್ಲಿದ್ದ ಎರಡನೆಯ ಕೀ ತೆಗೆದುಕೊಂಡೆ. ನಾನು ಪ್ರಾಣ ಪಣಕ್ಕಿಟ್ಟು ಹೆಣದ ಕೊರಳಿನಿಂದ ತಂದ ಕೀ ಮುಷ್ಟಿಯಲ್ಲೇ ಇತ್ತು. ಅಳು ಬಂತು. ಸಿಟ್ಟಿಗೆ ಬಂದ ಅಳು.

"ಗಂಟೆ ಕಿತ್ತವನು ನೀನು."

"ಸಾಲಕ್ಕಲ್ಲ, ಏನಕ್ಕೂ ಅಲ್ಲ ಐಲಿ. ಸುಮ್ಮನೆ ಆಸೆ ಆಯ್ತು," ರಕ್ತ ಉಗುಳಿದ. "ಗ್ಯಾರಟ್ ಕೊಂಡುಕೊಳ್ತೀನಿ ಅಂದ. ಆ ಹುಡುಗಿ ಎದುರಿಗೇ ಬಂದುಬಿಟ್ಟಳು. ಫ್ಲ್ಯಾಶ್ ಹೊಡೆದಳು. ಹೆದರಿಬಿಟ್ಟೆ ಕಣೇ..."

"ಅವಳು ಹೆದರಲಿಲ್ವಾ?"

ಅವನು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡ.

"ಇವತ್ತು ನನ್ನನ್ನೂ ಕಳಿಸಿಬಿಡೋದು ಅಂತ."

"ಗ್ಯಾರಟ್ ಹೇಳಿದ್ದು ಅದು. ನಾನು ಬೇಡ ಅಂದೆ."

"ಬೇಡ ಅಂದು ಕಾಫಿ ಕಾಯಿಸ್ಕೊಂಡೆ."

ಭುಜದೊಳಗೆ ಯಾರೋ ಮೊಳೆ ಹೊಡೆದ ಹಾಗೆ ನೋವು ಶುರುವಾಯಿತು. ಆಮೇಲೆ ಮೊಣಕೈಗೆ ಇಳಿಯಿತು. ಗುಳ್ಳೆಗಳು. ಇವನಿಗೋಸ್ಕರ ಬಿಟ್ಟುಬಂದ ಹನ್ನೊಂದು ನಿಮಿಷ. ದೋಣಿಯ ಆಮ್ಲಜನಕದ ಮಾಸ್ಕ್ ಮುಖಕ್ಕೆ ಒತ್ತಿಕೊಂಡು ರೇಡಿಯೋ ಹಿಡಿದೆ. ಕರಾವಳಿ ಕಾವಲು ಪಡೆಗೆ ಜಾಗ ಹೇಳಿದೆ. ಒಬ್ಬ ತಳದಲ್ಲಿ ಸತ್ತಿದ್ದಾನೆ, ನನಗೆ ಗುಳ್ಳೆ ಹತ್ತಿದೆ, ಇನ್ನೊಬ್ಬನ ಮೂಳೆ ಮುರಿದಿದೆ, ಪೊಲೀಸರೂ ಬರಲಿ ಅಂದೆ.

"ಹೆಲಿಕಾಪ್ಟರ್ ಹೊರಟಿದೆ," ಅಂದರು.

ಆ ಮಾತು ಮುಗಿಯುವ ಮೊದಲೇ ಇನ್ನೊಂದು ದನಿ ನುಗ್ಗಿತು. ಗಂಡ ನೀರಿನ ಮೇಲಿರುವಷ್ಟು ಹೊತ್ತು ಸೈಮಿಯ ಅಡುಗೆಮನೆಯಲ್ಲಿ ರೇಡಿಯೋ ಆರುವುದಿಲ್ಲ.

"ಐಲಿ? ಓರೆನ್... ಓರೆನ್ ಬದುಕಿದ್ದಾನೇನೇ?"

"ಬದುಕಿದ್ದಾನೆ."

ಅವಳು ಅತ್ತಳು. ಬಹಳ ಹೊತ್ತು ಅತ್ತಳು. ಓರೆನ್ ಕಂಬಿಯ ಹತ್ತಿರದಿಂದ ನನ್ನನ್ನೇ ನೋಡುತ್ತ ತಲೆಯಾಡಿಸುತ್ತಿದ್ದ. ಹೇಳಬೇಡ, ಹೇಳಬೇಡ. ಇಪ್ಪತ್ತೆರಡು ವರ್ಷ ಆ ಮನೆಯ ಮೇಜಿನಲ್ಲಿ ನನಗೆ ಕಾಫಿ ಬಗ್ಗಿಸಿಕೊಟ್ಟ ಮನುಷ್ಯ.

"ನಾನು ಈಗಲೇ ಹಡಗುಕಟ್ಟೆಗೆ ಬರ್ತೀನಿ," ಅಂದಳು ಸೈಮಿ. "ಪೂರಾ ನೆಂದಿರ್ತಾನೆ. ಅವನ ಉಣ್ಣೆ ಶರಟು, ಪ್ಯಾಂಟು, ಕಾಲುಚೀಲ ಎಲ್ಲ ತರ್ತೀನಿ..."

"ಬಾ ಸೈಮಿ. ಬಟ್ಟೆ ಮಾತ್ರ ತರಬೇಡ," ಅಂದೆ. "ಇನ್ನು ಮೇಲೆ ಅವನಿಗೆ ಬಟ್ಟೆ ಸರ್ಕಾರವೇ ಕೊಡುತ್ತೆ."