ಬೆಲ್ಟಿನ ಕೆಳಗಿನ ಬೀಗ

ಕನ್ವೇಯರ್ ಬೆಲ್ಟ್ ನನ್ನನ್ನು ಹೊತ್ತುಕೊಂಡು ಹೋಗುತ್ತಿತ್ತು.

ಮುಂದೊಂದಿಷ್ಟು ರಟ್ಟಿನ ಪೆಟ್ಟಿಗೆ, ಹಿಂದೊಂದಿಷ್ಟು ರಟ್ಟಿನ ಪೆಟ್ಟಿಗೆ, ನಡುವೆ ಬೋರಲಾಗಿ ನಾನು. ಪಕ್ಕದ ಕಬ್ಬಿಣದ ಹಲಗೆಯ ಮೇಲೆ ಗೂಳಿ ಓಡಿ ಬರುತ್ತಿದ್ದ. ಈ ಗೋಡೌನಿನ ಮೆಕ್ಯಾನಿಕ್. ಆರಡಿ ಎತ್ತರ, ಕೈಯಲ್ಲಿ ಸಲಾಕೆ.

"ಸಾರ್, ನಿಲ್ಲಿ... ನಿಮ್ಹತ್ರ ಸ್ವಲ್ಪ ಮಾತಾಡ್ಬೇಕು."

ಸಲಾಕೆ ಹಿಡಿದು ಮಾತಾಡಲು ಬರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂದು ಪೆಟ್ಟಿಗೆ ಒದ್ದೆ. ಅವನು ತಪ್ಪಿಸಿಕೊಂಡ. ಇನ್ನೊಂದು ಒದ್ದೆ. ಹೀಗೆ ಹತ್ತೋ ಹನ್ನೆರಡೋ ಕೆಳಗೆ ದಬದಬನೆ ಬಿದ್ದವು. ಒಂದೂ ಅವನಿಗೆ ತಾಗಲಿಲ್ಲ. ಗುರಿಯ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೂ ಹೀಗೆಯೇ.

ಆಗ ಸುಟ್ಟ ರಬ್ಬರಿನ ವಾಸನೆ ಬಂತು. ಹಿಂದೆಯೇ ಅಲಾರಂ.

ಎದುರಿಗೆ ಬೆಂಕಿ ತಡೆಯುವ ದಪ್ಪ ಗೋಡೆ. ಬೆಲ್ಟ್ ದಾಟಲು ಅದರಲ್ಲೊಂದು ಕಿಂಡಿ, ಕಿಂಡಿಯ ಮೇಲೆ ಸ್ಟೀಲ್ ಶಟರ್. ಅಲಾರಂ ಆದರೆ ಶಟರ್ ಬೀಳಬೇಕು. ಆ ಹೊತ್ತಿಗೆ ಸರಿಯಾಗಿ ಅದರ ಕೆಳಗೆ ನನ್ನ ಕುತ್ತಿಗೆ!

ಬೀಳಲಿಲ್ಲ. ಕಿಂಡಿಯಲ್ಲಿ ಸಾಮಾನಿದ್ದರೆ ಅದು ದಾಟುವವರೆಗೂ ಶಟರ್ ಕಾಯುತ್ತದೆ. ಯಂತ್ರ ನನ್ನನ್ನೂ ಸಾಮಾನು ಅಂದುಕೊಂಡಿತು. ನನ್ನ ಹೊಟ್ಟೆ ದಾಟುವಷ್ಟು ಹೊತ್ತು ತಾಳ್ಮೆಯಿಂದ ಕಾದು ಮುಚ್ಚಿಕೊಂಡಿತು. ಬೆಲ್ಟ್ ನಿಂತಿತು. ನಾನು ಈಚೆ. ಗೂಳಿ, ಬೆಂಕಿ, ನನ್ನ ಎಡಗಾಲಿನ ಬೂಟು... ಮೂರೂ ಆಚೆ.

ನಾನು ಯಾರೆಂದು ಹೇಳಲೇ ಇಲ್ಲ. ಗೋಡೌನುಗಳಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್‌ಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರ್. ಹುಲಿ ಅಂತ ನನಗೊಂದು ಅಡ್ಡಹೆಸರಿದೆ. ಇಟ್ಟುಕೊಂಡವನು ನಾನೇ.

ಮೂರು ತಿಂಗಳಿಂದ ಒಬ್ಬ ಗಡಸು ದನಿಯವನು ಬೇರೆಬೇರೆ ನಂಬರಿನಿಂದ ಫೋನ್ ಮಾಡುತ್ತಿದ್ದ. "ಸಾರ್, ಒಂದ್ಸಲ ಗೋಡೌನಿಗೆ ಬನ್ನಿ. ನೀವೊಬ್ರೇ ಬಂದ್ರೂ ಸಾಕು." ಇಂಥ ಆಮಂತ್ರಣದ ಅರ್ಥ ತಿಳಿಯದಷ್ಟು ಹಸುಳೆ ನಾನಲ್ಲ. ಪ್ರತಿಸಲವೂ ಮಾತು ಮುಗಿಯುವ ಮೊದಲೇ ಕಟ್ ಮಾಡುತ್ತಿದ್ದೆ.

ಇವತ್ತು ಬೆಳಗ್ಗೆ ಅಕ್ಕ ಫೋನ್ ಮಾಡಿದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಇದೇ ಬೆಲ್ಟಿನ ಕೆಳಗಿನ ಮೇಜಿನಲ್ಲಿ ಪ್ಯಾಕಿಂಗ್ ಮಾಡುತ್ತಾಳೆ.

"ನಮ್ಮ ಬೆಲ್ಟ್ ಕೆಳಗಿನ ನೀರಿನ ಲೈನಿಗೆ ಯಾರೋ ಬೀಗ ಜಡಿದಿದಾರಂತೆ ಕಣೋ. ವರ್ಷವೇ ಆಯ್ತಂತೆ."

ನನ್ನ ರಕ್ತ ಕುದಿಯಿತು. ಛಾವಣಿಯಿಂದ ಎಷ್ಟೇ ನೀರು ಸುರಿಯಲಿ, ಒಂದು ಮಾರು ಅಗಲದ ಬೆಲ್ಟ್ ಕೊಡೆ ಹಿಡಿದ ಹಾಗೆ ಅದನ್ನು ತಡೆಯುತ್ತದೆ. ಕೆಳಗಿನ ಬೆಂಕಿಗೆ ಹನಿಯೂ ತಲುಪುವುದಿಲ್ಲ. ಅದಕ್ಕೇ ಬೆಲ್ಟಿನ ಹೊಟ್ಟೆಗೆ ಬೇರೆಯೇ ಪೈಪು, ಬೇರೆಯೇ ಸ್ಪ್ರಿಂಕ್ಲರ್.

"ಅವನು ಯಾವನೇ ಆಗಿರ್ಲಿ, ಚರ್ಮ ಸುಲೀತೀನಿ," ಎಂದೆ.

ಮುಂಬಾಗಿಲಿನಿಂದ ಹೋದರೆ ಸಾಕ್ಷಿ ಅಳಿಸುತ್ತಾರೆಂದು ಲಾರಿಗಳು ನಿಲ್ಲುವ ಕಡೆಯಿಂದ ನುಸುಳಿದೆ. ಗೂಳಿ ಕಂಡ. ನಾನು ಬೆಲ್ಟ್ ಹತ್ತಿದೆ. ಮುಂದಿನದು ನಿಮಗೆ ಗೊತ್ತು.

ಬೆಲ್ಟಿನಿಂದ ಇಳಿಯುವಷ್ಟರಲ್ಲಿ ಫೋನ್ ಬಂತು. ಅಕ್ಕ ಕೆಮ್ಮುತ್ತಿದ್ದಳು.

"ಎಲ್ಲಿದೀಯೋ? ಬೆಲ್ಟ್ ಕೆಳಗೆ ಬೆಂಕಿ ಬಿದ್ದಿದೆ. ಮೇಲಿಂದ ನೀರು ಸುರೀತಿದೆ, ಇಲ್ಲಿಗೆ ಬರ್ತಿಲ್ಲ. ನಾವು ಐದು ಜನ ಇದೀವಿ. ಹೊರಗೆ ಹೋಗೋ ದಾರಿ ತುಂಬ ಯಾರೋ ಪೆಟ್ಟಿಗೆ ಬೀಳಿಸಿದಾರೆ."

ಯಾರೆಂದು ನಾನು ಹೇಳಲಿಲ್ಲ.

"ಬಗ್ಗಿ ಕೂತ್ಕೋ ಅಕ್ಕಾ. ಬಂದೆ."

ಅವಳಿಗೇನಾದರೂ ಆದರೆ ನನಗೆ ಈ ಲೋಕದಲ್ಲಿ ಬೈಯುವವರೂ ಉಳಿಯುವುದಿಲ್ಲ. ಗೋಡೆಯ ಪಕ್ಕದ ಬಾಗಿಲು ತಳ್ಳಿ ಮತ್ತೆ ಆಚೆಗೆ ನುಗ್ಗಿದೆ.

ಹೊಗೆ. ಕಂಬದ ಹತ್ತಿರ ಬೆಲ್ಟಿನ ನೀರಿನ ಲೈನಿನ ವಾಲ್ವ್. ಅದರ ಮುಂದೆ ಗೂಳಿ, ಸಲಾಕೆ ಎತ್ತಿಕೊಂಡು.

ಇದ್ದ ಬಲವನ್ನೆಲ್ಲ ಸೇರಿಸಿ ಅವನ ದವಡೆಗೆ ಗುದ್ದಿದೆ. ಲಟಕ್ ಅಂತು. ಅವನ ದವಡೆಯಲ್ಲ, ನನ್ನ ಬೆರಳು.

"ಹೊಡ್ದಿದ್ದು ಆಯ್ತಾ ಸಾರ್?" ಎಂದ ಗೂಳಿ. ಅದೇ ಗಡಸು ದನಿ. ಫೋನಿನವನು. "ಈಗ ಕೀ ಕೊಡಿ."

"ಯಾವ ಕೀ?"

ಅವನು ಪಕ್ಕಕ್ಕೆ ಸರಿದ. ವಾಲ್ವಿನ ಚಕ್ರಕ್ಕೆ ಸರಪಳಿ, ಸರಪಳಿಗೆ ಹಿತ್ತಾಳೆ ಬೀಗ, ಬೀಗಕ್ಕೆ ಕೆಂಪು ಚೀಟಿ.

'ತಪಾಸಣೆಗಾಗಿ ಮುಚ್ಚಿದೆ. ಸಂಜೆ ತೆರೆಯಲಾಗುವುದು. ಬೀಗ ಹಾಕಿದವರ ಹೊರತು ಯಾರೂ ಮುಟ್ಟಕೂಡದು.'

ತಾರೀಖು ಹೋದ ವರ್ಷದ್ದು. ಸಹಿ ನನ್ನದು.

"ಹಾಕಿದೋರೇ ತೆಗೀಬೇಕು ಅನ್ನೋ ರೂಲ್ ಹೇಳ್ಕೊಟ್ಟೋರು ನೀವೇ," ಎಂದ ಗೂಳಿ. "ಅವತ್ತು ಊಟಕ್ಕೆ ಹೋಗ್ಬರ್ತೀನಿ ಅಂದ್ರಿ. ಆಫೀಸಿಗೆ ಕಾಗದ ಬರೆದ್ವಿ, ಉತ್ತರ ಇಲ್ಲ. ಫೋನ್ ಮಾಡಿದ್ರೆ ಕಟ್ ಮಾಡ್ತೀರಿ. ಇವತ್ತು ಒಡೆದೇಬಿಡೋಣ ಅಂತ ಸಲಾಕೆ ತಂದೆ. ನೀವು ಕಂಡ್ರಿ, ಕೀ ಕೇಳೋಣ ಅಂತ ಓಡಿ ಬಂದೆ. ಗಟ್ಟಿ ಬೀಗ ಸಾರ್, ಒಡೀತಿಲ್ಲ."

ನನ್ನ ಸ್ಕೂಟರ್ ಕೀ ಜೊತೆ ಒಂದು ಸಣ್ಣ ಹಿತ್ತಾಳೆ ಕೀ ಇತ್ತು. ಯಾವುದೋ ಹಳೆ ಪೆಟ್ಟಿಗೆಯದೆಂದುಕೊಂಡು ವರ್ಷವಿಡೀ ಅದರಲ್ಲಿ ಕಿವಿ ಕೆರೆದುಕೊಂಡಿದ್ದೆ.

ಬೀಗಕ್ಕೆ ಹಾಕಿದೆ. ತಿರುಗಿತು.

ಬೆರಳು ಮುರಿದ ಬಲಗೈಯಲ್ಲಿ ಚಕ್ರ ತಿರುಗಿಸಲು ನನ್ನಿಂದಾಗಲಿಲ್ಲ. ಗೂಳಿ ತಿರುಗಿಸಿದ. ಪೈಪು ಗೊರಗೊರ ಅಂದು, ಬೆಲ್ಟಿನ ಕೆಳಗೆ ನೀರು ಚಿಮ್ಮಿತು. ಕಪ್ಪು ಹೊಗೆ ಬೆಳ್ಳಗಾಯಿತು. ನಾನು ಒದ್ದ ಪೆಟ್ಟಿಗೆಗಳನ್ನು ಗೂಳಿ ಎರಡೆರಡಾಗಿ ಎತ್ತಿ ಎಸೆದ. ನಾಲ್ವರು ಹೆಂಗಸರು ಕೆಮ್ಮುತ್ತ ಹೊರಬಂದರು. ಕೊನೆಗೆ ಅಕ್ಕ. ಒಂದು ಹುಬ್ಬು ಸೀದಿತ್ತು, ಅಂಗೈ ತುಂಬ ಬೊಬ್ಬೆ.

ಅವಳು ಚೀಟಿ ಓದಿದಳು. ನಿಧಾನವಾಗಿ, ಎರಡು ಸಲ.

"ಚರ್ಮ ಸುಲೀತೀನಿ ಅಂದಿದ್ದೆಯಲ್ಲ."

"ಹೂಂ."

"ಮನೆಗೆ ಹೋಗಿ ಸುಲ್ಕೋ. ಇಲ್ಲಿ ನೆಲ ಒದ್ದೆಯಾಗಿದೆ."

ಗೂಳಿ ನನ್ನ ಕಿವಿಯ ಹತ್ತಿರ ಬಗ್ಗಿದ. "ಚೀಟಿ ನೀರಲ್ಲಿ ಹೋಯ್ತು ಅಂದ್ಬಿಡಿ ಸಾರ್. ನಾನಂತೂ ಬಾಯಿ ಬಿಡಲ್ಲ."

ಆಸೆಯಾಯಿತು. ರಿಪೋರ್ಟಿನಲ್ಲಿ ನಿಜ ಬರೆದರೆ ಲೈಸೆನ್ಸ್ ಹೋಗುತ್ತದೆ, ಬೇರೆ ಕಸುಬು ನನಗೆ ಬರುವುದಿಲ್ಲ. ಅಷ್ಟರಲ್ಲಿ ಅಕ್ಕ ಆ ಬೊಬ್ಬೆಯ ಕೈಯಲ್ಲೇ ನನ್ನ ಬೂಟು ಹುಡುಕಿ ತಂದು ಕಾಲ ಬಳಿ ಇಟ್ಟಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಒದ್ದೆ ಪೆಟ್ಟಿಗೆಯ ಮೇಲೆ ಕೂತು ರಿಪೋರ್ಟ್ ತೆಗೆದೆ. 'ಲೋಪಕ್ಕೆ ಹೊಣೆ ಯಾರು?' ಎಂದು ಒಂದು ಕಡೆ, 'ಪತ್ತೆ ಮಾಡಿದವರು' ಎಂದು ಇನ್ನೊಂದು ಕಡೆ. ಎಡಗೈಯಲ್ಲಿ ಎರಡೂ ಕಡೆ ನನ್ನದೇ ಹೆಸರು ಬರೆದೆ.

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನಾನು ಹಿಡಿದ ಕಳ್ಳ ಅವನೊಬ್ಬನೇ.