ಪದ್ದಮ್ಮನ ಎರಡು ಗಂಟೆ

ಬೀರುವಿನ ಬೀಗ ಒಡೆದಿತ್ತು. ಒಳಗೆ ಎರಡು ಮೈಕ್ ಇದ್ದವು. ಆಂಪ್ಲಿಫೈಯರ್ ಇತ್ತು. ಸನ್ಮಾನಕ್ಕೆ ತಂದು ಉಳಿದ ಶಾಲುಗಳಿದ್ದವು. ಇಲ್ಲದಿದ್ದದ್ದು ಅಂಗೈಯಗಲದ ಒಂದು ಕಪ್ಪು ಹಾರ್ಡ್ ಡಿಸ್ಕ್.

"ಹನ್ನೊಂದ್ ವರ್ಷದ್ ಹಾಡ್ ಮೇಡಂ," ಅಂದರು ಬಳಗದ ಅಧ್ಯಕ್ಷ ಅಜಿತ್ ಶೆಟ್ಟರು. ಕುಂದಾಪುರದಲ್ಲಿ ಹೋಟೆಲು ನಡೆಸುವವರು. "ಬೈಂದೂರಿಂದ ಬ್ರಹ್ಮಾವರದ್ ತನಕ ನಲ್ವತ್ತ್ ಜನ ಹೆಂಗ್ಸ್ರ್ ಹೇಳದ್ದ್. ಎಲ್ಲಾ ಹೋಯ್ತ್."

"ಇನ್ನೊಂದ್ ಕಾಪಿ ಎಲ್ಲಿತ್ತ್?" ಕೇಳಿದಳು ಸಬ್ ಇನ್‌ಸ್ಪೆಕ್ಟರ್ ಗಿರಿಜಾ.

ಶೆಟ್ಟರು ಮಿಥುನನ ಮುಖ ನೋಡಿದರು. ಹಾಲಾಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು, ಬಳಗದ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡುವವನು ಅವನು. ಮಿಥುನ್ ಗೋಡೆ ನೋಡಿದ.

"ಇವ ಇಟ್ಕಂಡಿದ್ದ ಅಂತ ನಾನ್ ಅಂದ್ಕಂಡೆ," ಅಂದರು ಶೆಟ್ಟರು.

"ಉಲ್ಲಾಸಣ್ಣ ಇಟ್ಕಂಡಿರ್ ಅಂತ ನಾನ್ ಅಂದ್ಕಂಡೆ," ಅಂದ ಮಿಥುನ್.

"ಉಲ್ಲಾಸ್ ಎಂತ ಅಂದ್ಕಂಡಿರ್?"

"ಕಾರ್ಯದರ್ಶಿ ಅಲ್ದಾ ಮೇಡಂ, ಅವ್ರ್ ರಾಜೀನಾಮೆ ಕೊಟ್ಟ್ ಹೋದ್ರ್."

ಕೋಟೇಶ್ವರದ ಹಳೆಯ ಅಕ್ಕಿ ಗಿರಣಿಯ ಮಾಳಿಗೆಯಲ್ಲಿರುವ ಈ ಕೋಣೆಯೇ 'ಪಡುವಣ ಹಾಡು ಬಳಗ'ದ ಕಚೇರಿ. ಸಂಬಳ ಯಾರಿಗೂ ಇಲ್ಲ. ಎಲ್ಲರೂ ಸ್ವಯಂಸೇವಕರು; ಚಾ, ಬನ್ಸ್ ಬಂದ ದಿನ ಮಾತ್ರ ಸ್ವಯಂಸೇವನೆ. ಕಾರ್ಯದರ್ಶಿ ಹುದ್ದೆಗೆ ವರ್ಷಕ್ಕೊಬ್ಬರು: ಕಾರ್ಯ ಅರ್ಧ, ದರ್ಶನ ಅರ್ಧ. ಸಭೆಗೆ "ಬತ್ತೆ, ಬತ್ತೆ" ಅನ್ನುವವರು ಐವತ್ತು ಜನ. ಆ ಹೊತ್ತಿಗೆ ಪತ್ತೆ ಇರುವವರು ಐದು.

ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು. ಹೆಸರು ಪೂಜಿತಾ. ಬೀಜಾಡಿಯ ಹಾಡುಗಾರ್ತಿ ಪದ್ದಮ್ಮನ ಮೊಮ್ಮಗಳು, ನಾಲ್ಕು ದಿನದಲ್ಲಿ ಮದುಮಗಳು.

"ಆಯ್ತಾರ ನನ್ನ್ ಮದಿ ಮೇಡಂ," ಅಂದಳು. "ಅಜ್ಜಿ ಸೋಬಾನೆ ಹಾಕ್ಕ್ ಅಂತ ಇತ್ತ್. ಇವತ್ತ್ ಹತ್ತ್ ಗಂಟೆಗೆ ಬಾ, ಕೊಡ್ತೆ ಅಂದಿದ್ರ್ ಮಿಥುನಣ್ಣ. ಬಂದ್ ಕಂಡ್ರೆ ಹೀಂಗೆ."

"ಅಜ್ಜಿಯೇ ಹೇಳುಕಾಗದಾ?"

ಪೂಜಿತಾ ತನ್ನ ಗಂಟಲ ಮೇಲೆ ಬೆರಳಿಟ್ಟಳು. "ಕ್ಯಾನ್ಸರ್. ಸೆಪ್ಟೆಂಬರಂಗೆ ಆಪರೇಶನ್ ಆಯ್ತ್. ಈಗ ಸ್ವರವೇ ಇಲ್ಲೆ, ಅಕ್ಷರವೂ ಬತ್ತಿಲ್ಲೆ. ಇದ್ದದ್ದ್ ಆ ಡಿಸ್ಕಂಗೆ ಮಾತ್ರ."

ಗಿರಿಜಾ ಬಾಗಿಲಿಗೆ ಬಂದು ಬಗ್ಗಿ ನೋಡಿದಳು. ಬುಧವಾರ ಬೆಳಗಿನ ಬಿಸಿಲು ನೇರ ಬೀಗದ ಮೇಲೆ ಬಿದ್ದಿತ್ತು. ಒಂದು ಗೀರೂ ಇಲ್ಲ. ಬಾಗಿಲನ್ನು ಕೀಲಿಯಿಂದಲೇ ತೆರೆದಿದ್ದಾರೆ. ಬೀರುವನ್ನು ಮಾತ್ರ ಒಡೆದಿದ್ದಾರೆ.

"ಕೀ ಎಷ್ಟ್?"

"ಮೂರ್," ಅಂದರು ಶೆಟ್ಟರು. "ನಂದೊಂದ್, ಇವಂದೊಂದ್, ಉಲ್ಲಾಸಂದೊಂದ್. ಮೇಡಂ, ನಾನ್ ಹೆಸ್ರ್ ಹೇಳುದಿಲ್ಲೆ. ಆದ್ರೆ ಉಲ್ಲಾಸ ಹೋಪತಿಗೆ ಎಂತ ಹೇಳಿ ಹೋದ ಅಂತ ಕೇಣಿ."

* * *

ಉಲ್ಲಾಸ್ ಬ್ರಹ್ಮಾವರದಲ್ಲಿ ಶಾಲಾ ಮೇಷ್ಟ್ರು. ಪೊಲೀಸ್ ಜೀಪು ನೋಡಿದವರೇ ಅಂಗಿಯ ಗುಂಡಿ ಹಾಕಿಕೊಂಡರು.

ಗಿರಿಜಾ ಕುರ್ಚಿಯಲ್ಲಿ ಹಿಂದಕ್ಕೊರಗಿದಳು. ಇಲ್ಲದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟಳು. ಸ್ವರ ದಪ್ಪವಾಯಿತು. "ಮೇಡಂ, ನಾನ್ ಹೆಸ್ರ್ ಹೇಳುದಿಲ್ಲೆ. ಆದ್ರೆ ಉಲ್ಲಾಸ..."

ಮೇಷ್ಟ್ರು ತಡೆಯಲಾರದೆ ನಕ್ಕರು. ಥೇಟ್ ಶೆಟ್ಟರು. ಸ್ಟೇಷನ್ನಿನಲ್ಲಿ ಗಿರಿಜಾ ಸರ್ಕಲ್ ಸಾಹೇಬರ ಸ್ವರದಲ್ಲಿ ಚಾ ತರಿಸುತ್ತಾಳೆ ಎಂಬ ಸುದ್ದಿ ಜಿಲ್ಲೆಗೇ ಗೊತ್ತು. ನಕ್ಕವರು ಬೇಗ ಮಾತಾಡುತ್ತಾರೆ ಎಂಬುದು ಅವಳ ಅನುಭವ.

"ಹೌದ್, ಹೇಳಿದ್ದೆ," ಅಂದರು ಉಲ್ಲಾಸ್. "ಮದಿ ಮನಿ ಹಾಡ್ ಯೂಟ್ಯೂಬಿಗೆ ಹಾಕುಕೆ ನಾನ್ ಬಿಡುದಿಲ್ಲೆ ಅಂದೆ. ಆ ಹೆಂಗ್ಸ್ರ್ ನಮ್ಮನ್ನ್ ಒಳಗ್ ಕರ್ದ್, ಚಾಪೆ ಹಾಕಿ ಹೇಳದ್ದ್. ಊರಿಗೆಲ್ಲ ಬಿತ್ತುಕಲ್ಲ. ಶೆಟ್ರ್ ಕೇಂಬುದಿಲ್ಲೆ. ನಾನ್ ಬಿಟ್ಟೆ."

"ಡಿಸ್ಕ್ ತಕಂಡ್ ಬಿಟ್ರಾ?"

"ಶುಕ್ರವಾರವೇ ಕೀ ಶೆಟ್ರ ಹೋಟ್ಲ್ ಕೌಂಟರಂಗೆ ಕೊಟ್ಟಿದ್ದೆ ಮಾರಾಯ್ರೆ. ಕ್ಯಾಶಿಯರಿನ ಕೇಣಿ. ನನ್ ಬದ್ಲ್ ಶೆಟ್ರನ್ನೇ ಕೇಣಿ. ಹಾಡ್ ಹಾಕುಕೆ ಅವ್ರಿಗ್ ಅರ್ಜೆಂಟಿತ್ತ್."

ಕ್ಯಾಶಿಯರಿಗೆ ಫೋನ್ ಹೋಯಿತು. ಮಾತು ನಿಜ.

* * *

ಕೀಲಿ ಹೋಟೆಲಿನ ಕೌಂಟರಿನ ಹಿಂದೆ ಮೊಳೆಯಲ್ಲಿ ನೇತಾಡುತ್ತಿತ್ತು. ಕೈ ಚಾಚಿದರೆ ಯಾರಿಗೂ ಸಿಗುವಂತಿತ್ತು. ಶೆಟ್ಟರು ಅದನ್ನು ತೆಗೆದು ಜೇಬಿಗಿಳಿಸಿದರು.

"ನಾನ್ ಹಾಡನ್ನ್ ಲೋಕಕ್ಕೇ ಕೇಣ್ಸುಕೆ ಹೊರಟವ ಮೇಡಂ. ಅಡಗ್ಸಿಟ್ರೆ ಎಂತ ಕೇಣ್ಸುದ್? ಮೊದ್ಲ್ ಪದ್ದಮ್ಮಂದೇ ಹಾಕುವ ಅಂತ ನಾಲ್ಕ್ ತಿಂಗ್ಳಿಂದ ಮಿಥುನನ ಹಿಂದೆ ಬಿದ್ದಿದ್ದೆ. ಎಡಿಟಿಂಗಂಗಿತ್ತ್, ಎಡಿಟಿಂಗಂಗಿತ್ತ್ ಅಂಬ."

"ನೀವ್ ಕೇಂಡಿದ್ರ್ಯಾ ಆ ಹಾಡ್?"

"ಫೋಟೋ ಕಂಡಿದ್ದೆ." ಶೆಟ್ಟರು ಉತ್ಸಾಹದಿಂದ ಬಳಗದ ವಾಟ್ಸಾಪ್ ಗುಂಪು ತೆರೆದರು. ಕಳೆದ ಜೂನ್. ಚಾಪೆಯ ಮೇಲೆ ಪದ್ದಮ್ಮ, ಎದುರಿಗೆ ಮೈಕು, ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡ ಮಿಥುನ್. ಕೆಳಗೆ ಬರಹ: 'ಬೀಜಾಡಿಯ ಪದ್ದಮ್ಮ. ಹನ್ನೊಂದು ಸೋಬಾನೆ. ಎರಡು ಗಂಟೆ.' ಅದರ ಕೆಳಗೆ ಐವತ್ತೆರಡು ಹೆಬ್ಬೆಟ್ಟು, ಹದಿನೇಳು ಕೈಮುಗಿತ.

ಗಿರಿಜಾ ಕೆಳಗೆ ಕೆಳಗೆ ಸರಿಸಿದಳು. ಹಾಡು ಕಳಿಸಿ, ಕೇಳಬೇಕು ಅಂದವರು ಒಬ್ಬರೂ ಇರಲಿಲ್ಲ.

* * *

ಬೀಜಾಡಿಯಲ್ಲಿ ಪದ್ದಮ್ಮನ ಮನೆಯಿಂದ ಕಡಲಿಗೆ ಕಲ್ಲೆಸೆದರೆ ನೀರಿಗೆ ಬೀಳುತ್ತದೆ. ಅಂಗಳದಲ್ಲಿ ಚಪ್ಪರದ ಕಂಬ ನಿಂತಿತ್ತು. ಪದ್ದಮ್ಮ ಜಗಲಿಯಲ್ಲಿ ಒಣಮೀನಿನ ತಲೆ ಚಿವುಟುತ್ತಿದ್ದರು. ಆಪರೇಶನ್ನಿನ ತೂತು ಮುಚ್ಚಲು ಕುತ್ತಿಗೆಗೆ ಬಿಳಿ ಬಟ್ಟೆ. ಉಸಿರಾಡಿದಾಗ ಆ ಬಟ್ಟೆ ಒಳಗೆ, ಹೊರಗೆ.

"ಮೇಡಂ, ನಿಮ್ಗೆ ಎಲ್ಲರ ಸ್ವರ ಬತ್ತ್ ಅಂಬ್ರ್," ಅಂದಳು ಪೂಜಿತಾ ಮೆಲ್ಲಗೆ. "ಅಜ್ಜಿದ್...?"

"ನಾನ್ ಕೇಂಡದ್ದೇ ಇಲ್ಲೆ ಮಗಾ. ಕೇಣದ್ದ್ ಬಪ್ಪುದಿಲ್ಲೆ. ನಿಂಗೆ ಬತ್ತಿಲ್ಯಾ?"

"ನಾನ್ ಬೆಳ್ದದ್ದ್ ಮುಂಬೈಯಂಗೆ. ಬಂದಾಗ ಕಲ್ಸ್ತೆ ಕೂಕೊ ಅಂದಿದ್ರ್ ಅಜ್ಜಿ. ರೆಕಾರ್ಡ್ ಇತ್ತಲ್ದಾ, ಮತ್ತೆ ಕಲ್ತ್ರಾಯ್ತ್ ಅಂದೆ." ಅವಳು ಮೂಗು ಒರೆಸಿಕೊಂಡಳು. "ಒಂದ್ ತುಂಡ್ ಮಾತ್ರ ಇತ್ತ್ ನನ್ ಹತ್ರ. ಹೋದ್ ವಾರ ಮಿಥುನಣ್ಣ ಕಳ್ಸದ್ದ್."

ಅವಳು ಫೋನಿನಲ್ಲಿ ಅದನ್ನು ಹಾಕಿದಳು. ಇಪ್ಪತ್ತು ಸೆಕೆಂಡು. ಮುದಿ ಹೆಣ್ಣು ಸ್ವರ, ಸೋಬಾನೆಯ ಮೊದಲ ಎರಡು ಸಾಲು. ಕಡಲ ಗದ್ದಲದಲ್ಲಿ ಸರಿಯಾಗಿ ಕೇಳಲಿಲ್ಲ. ಗಿರಿಜಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗಲೂ ಕಡಲು ಕೇಳುತ್ತಲೇ ಇತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮತ್ತೊಮ್ಮೆ. ಇನ್ನೊಮ್ಮೆ.

ಹಾಡಿನ ಹಿಂದೆ ಇನ್ನೊಂದು ಸದ್ದಿತ್ತು. ಗಿರಿಜಾ ನಾಲಗೆಯನ್ನು ಹಲ್ಲಿಗೆ ಒತ್ತಿ ಅದನ್ನೇ ಮಾಡಿ ನೋಡಿದಳು. ಜಿರ್ರ್... ಜೀರುಂಡೆ. ಕಾಡಿನ ಜೀರುಂಡೆ.

ಏಪ್ರಿಲ್ಲಿನ ಸಪ್ಪೆ ಕಡಲಿನ ಸದ್ದೇ ಮುಚ್ಚಿದ ಬಾಗಿಲೊಳಗೆ ಬರುತ್ತದೆ. ಮಳೆಗಾಲದ ಜೂನಿನಲ್ಲಿ ಈ ಮನೆಯಲ್ಲಿ ಕಿವಿಗೆ ಬಾಯಿಟ್ಟು ಮಾತಾಡಬೇಕು. ಹಾಡಿನಲ್ಲಿ ಕಡಲೇ ಇಲ್ಲ.

"ಅಜ್ಜಿಗೆ ಕೇಣ್ಸಿದ್ಯಾ ಇದನ್ನ್?"

"ಕೇಣ್ಸದೇ ಇರ್ತ್ನಾ? ಕೇಂಡವ್ರೇ ತಲೆ ಅಲ್ಲಾಡ್ಸಿ ಎದ್ದ್ ಹೋದ್ರ್. ದುಃಖ ಆಯ್ತ್ ಪಾಪ."

ಗಿರಿಜಾ ಜಗಲಿಗೆ ಬಂದು ಪದ್ದಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು. ಫೋನನ್ನು ಅವರ ಕಿವಿಗೆ ಹಿಡಿದಳು. ಹಾಡು ಮುಗಿಯಿತು.

"ಪದ್ದಮ್ಮ, ಇದ್ ನಿಮ್ ಸ್ವರವಾ?"

ಪದ್ದಮ್ಮ ಅವಳ ಕಣ್ಣನ್ನೇ ನೋಡುತ್ತ ತಲೆ ಅಲ್ಲಾಡಿಸಿದರು. ಎಡಕ್ಕೆ, ಬಲಕ್ಕೆ. ಮತ್ತೆ ಎಡಕ್ಕೆ. ಆಮೇಲೆ, ಈಗಲಾದರೂ ಕೇಳಿದೆಯಲ್ಲ ಎಂಬಂತೆ, ಮೀನಿನ ಕೈಯಲ್ಲೇ ಗಿರಿಜಾಳ ಮೊಣಕಾಲಿಗೆ ಒಂದು ತಟ್ಟಿದರು.

ಪೂಜಿತಾ ಅಲ್ಲೇ ಕಂಬ ಹಿಡಿದು ನಿಂತಳು.

* * *

ಮಿಥುನನ ಸ್ಟುಡಿಯೋದಲ್ಲಿ ಗಿರಾಕಿ ಇರಲಿಲ್ಲ.

"ಆ ತುಂಡ್ ಎಲ್ಲಿ ರೆಕಾರ್ಡ್ ಮಾಡದ್ದ್?"

"ಬೀಜಾಡಿಯಂಗೆ ಮೇಡಂ. ಪದ್ದಮ್ಮನ ಮನಿಯಂಗೆ."

"ಕಡ್ಲ್ ಎಲ್ಲಿ ಹೋಯ್ತ್?"

"ಅದಾ? ಸಾಫ್ಟ್‌ವೇರ್ ಇತ್ತಲ್ದಾ. ಹಿಂದಿನ್ ಸೌಂಡ್ ಪೂರಾ ತೆಗೀತ್."

"ಜೂನಿನ ಕಡ್ಲ್ ತೆಗ್ದ್ ಸಾಫ್ಟ್‌ವೇರ್ ಒಂದ್ ಜೀರುಂಡೆ ಬಿಟ್ಟಿತಾ ಮಾರಾಯಾ?"

ಮಿಥುನ್ ಹಿಂದೆ ತಿರುಗಿ ಫೋಟೋ ಕಾಗದದ ಖಾಲಿ ಡಬ್ಬಿಯೊಂದರ ಒಳಗಿಂದ ಕಪ್ಪು ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ.

"ಬೇರೆಯವ್ರ ಹಾಡ್ ಎಲ್ಲಾ ಇತ್ತ್ ಮೇಡಂ. ಬಿಸಾಡುಕ್ ಮನ್ಸ್ ಬರ್ಲಿಲ್ಲೆ."

"ಪದ್ದಮ್ಮಂದ್?"

"ಇಲ್ಲೆ. ಯಾವತ್ತೂ ಇರ್ಲಿಲ್ಲೆ."

ಅಂದು ಬೀಜಾಡಿಯಿಂದ ಬಂದವನು ಮರುದಿನ ಬೆಳಗ್ಗೆ ಒಂದು ಮದುವೆ ಮನೆಗೆ ಓಡಿದ್ದ. ಇದ್ದದ್ದು ಒಂದೇ ಮೆಮೊರಿ ಕಾರ್ಡು. ಖಾಲಿ ಇದೆ ಎಂದು ಗಡಿಬಿಡಿಯಲ್ಲಿ ಫಾರ್ಮ್ಯಾಟ್ ಒತ್ತಿದ. ಪದ್ದಮ್ಮನ ಹನ್ನೊಂದು ಸೋಬಾನೆಯ ಮೇಲೆ ಯಾರದೋ ಧಾರೆ, ಯಾರದೋ ಊಟ ಬಂದು ಕೂತವು. ನೆನಪಾದದ್ದು ಮೂರು ದಿನದ ಮೇಲೆ. ಅಷ್ಟರಲ್ಲಿ ಫೋಟೋಕ್ಕೆ ಐವತ್ತೆರಡು ಹೆಬ್ಬೆಟ್ಟು ಬಿದ್ದಾಗಿತ್ತು.

"ಮತ್ತೆ ಹೋದೆ ಮೇಡಂ. ಇನ್ನೊಂದ್ ಸಲ ಹೇಳಿ ಅಂಬುಕೆ. ಪದ್ದಮ್ಮಂಗೆ ಸ್ವರ ಬಿದ್ದಿತ್ತ್. ಶೀತ ಮಗಾ, ಕಡ್ಮಿ ಆದ್ ಮೇಲೆ ಬಾ ಅಂದ್ರ್. ಅದ್ ಶೀತ ಆಗಿರ್ಲಿಲ್ಲೆ." ಅವನು ಕಣ್ಣು ಒತ್ತಿಕೊಂಡ. "ಪೂಜಿತಾ ದಿನಾ ಫೋನ್ ಮಾಡ್ತಿತ್ತ್. ಕಾಡ್ ಬದಿ ಕೆರಾಡಿಯಂಗೆ ನನ್ ದೊಡ್ಡಮ್ಮ ರತ್ನಕ್ಕನತ್ರ ಎರಡ್ ಸಾಲ್ ಹೇಳ್ಸಿ ಕಳ್ಸಿದೆ. ಪೂರ್ತಿ ಬೇಕ್ ಅಂತು. ನಿನ್ನೆ ಹೋಗಿ ಬೀಗ ಒಡ್ದೆ. ಕಳ್ಳ ಬಂದ ಅಂದ್ರೆ ಎಲ್ಲರೂ ಕಳ್ಳನ್ನ್ ಬೈತ್ರ್. ನನ್ನಲ್ಲ."

"ಕಳ್ಳ ಬಂದಿದ್ರೆ ಆಂಪ್ಲಿಫೈಯರ್ ಹೊತ್ಕಂಡ್ ಹೋತಿದ್ದ," ಅಂದಳು ಗಿರಿಜಾ. "ಹಾಡ್ ಕದಿಯುದ್ ನಿಮ್ಮಂಥವ್ರೇ. ಬೆಳಿಗ್ಗೆ ಆ ಕೋಣಿಯಂಗೆ ನಿಂತಾಗ್ಳೇ ಅಷ್ಟ್ ಗೊತ್ತಾಯ್ತ್, ಯಾರ್ ಅಂಬುದ್ ಬಾಕಿ ಇತ್ತ್. ಉಲ್ಲಾಸಂಗೆ ಹಾಡ್ ಊರಿಗೆ ಹೋಪುದ್ ಬ್ಯಾಡ. ಶೆಟ್ರಿಗೆ ಹೋಯ್ಕ್. ಇಬ್ರೂ ಹಾಡ್ ಇತ್ತ್ ಅಂತ ನಂಬ್ದವ್ರ್. ಇಲ್ಲೆ ಅಂತ ಗೊತ್ತಿದ್ದವ ಒಬ್ನೇ. ಪದ್ದಮ್ಮ ಹೋದ್ ವಾರವೇ ಹೇಳಿದ್ರ್, ತಲೆ ಅಲ್ಲಾಡ್ಸಿ. ಸ್ವರ ಇಲ್ದವ್ರನ್ನ್ ಯಾರೂ ಕೇಣ್ಲಿಲ್ಲೆ, ಅಷ್ಟೆ."

"ಕೇಸ್ ಆತ್ತಾ ಮೇಡಂ?"

"ಅದ್ ಮತ್ತೆ. ಈಗ ಜೀಪ್ ಹತ್ತ್. ಪದ್ದಮ್ಮಂಗೆ ನಾನ್ ಹೇಳುದಲ್ಲ, ನೀನ್ ಹೇಳ್ಕ್."

* * *

ಮಿಥುನ್ ಜಗಲಿಯ ಕೆಳಗೆ ನಿಂತೇ ಹೇಳಿದ. ನಡುವೆ ಎರಡು ಸಲ ನಿಲ್ಲಿಸಿದ. ಪೂಜಿತಾ ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದಳು. ಗಿರಿಜಾ ಆ ಹೊತ್ತಿಗೆ ಕಡಲಿನ ಕಡೆ ನೋಡುತ್ತಿದ್ದಳು.

ಪದ್ದಮ್ಮ ಅಳಲಿಲ್ಲ. ಮೊಮ್ಮಗಳ ಕೈ ಹಿಡಿದು ಎದುರಿಗೆ ಕೂರಿಸಿದರು. ಬಾಯಿ ತೆರೆದರು. ತುಟಿ ಅಲುಗಿತು, ಕುತ್ತಿಗೆಯ ಬಟ್ಟೆ ಪಟಪಟ ಅಂದಿತು, ಬಂದದ್ದು ಬರೀ ಗಾಳಿ. ಪೂಜಿತಾ ತುಟಿ ನೋಡಿ ನೋಡಿ ಒಂದೊಂದೇ ಶಬ್ದ ಹೇಳಿದಳು. ತಪ್ಪಿದಾಗ ಪದ್ದಮ್ಮ ಅವಳ ತೊಡೆಗೆ ಚಿವುಟಿದರು. ಮೊದಲ ಸಾಲಿನ ಮಾತು ಕೂಡಿತು.

ರಾಗ ಬರಲಿಲ್ಲ. ತುಟಿಯಲ್ಲಿ ರಾಗ ಕಾಣುವುದಿಲ್ಲ. ಪದ್ದಮ್ಮ ಗಾಳಿಯಲ್ಲಿ ಕೈ ಏರಿಸಿದರು, ಇಳಿಸಿದರು. ಪೂಜಿತಾ ಅಂದಾಜಿನಲ್ಲಿ ಏರಿದಳು. ಪದ್ದಮ್ಮ ಕಣ್ಣು ಮುಚ್ಚಿಕೊಂಡರು.

ಗಿರಿಜಾ ಮಿಥುನನ ಕಡೆ ತಿರುಗಿದಳು. "ಹ್ವಾಯ್. ಎರಡ್ ಗಂಟೆ ಹೆಡ್‌ಫೋನ್ ಹಾಕ್ಕಂಡ್ ಕೇಂಡವ ಯಾರ್?"

"ನಾನ್..."

"ಮತ್ತೆಂತ ನಿಂತದ್ದ್? ಹೇಳ್."

"ನಂಗ್ ಹಾಡುಕ್ ಬತ್ತಿಲ್ಲೆ ಮೇಡಂ."

"ಯಾರ್ ಹಾಡ್ ಅಂದದ್ದ್? ಕೇಂಡದ್ದನ್ನ್ ಹೇಳ್."

ಅವನು ಜಗಲಿ ಹತ್ತಿ ತುದಿಯಲ್ಲಿ ಕೂತ. ಗಂಟಲು ಸರಿಮಾಡಿಕೊಂಡ. ಒಡಕು ಗಂಡು ಸ್ವರದಲ್ಲಿ, ಹೆಂಗಸರ ಹಾಡು. ಪದ್ದಮ್ಮನ ಕೈ ತಟ್ಟನೆ ಮೇಲೆದ್ದು ತಪ್ಪೆಂದಿತು. ಅವನು ಮತ್ತೆ ಹಿಡಿದ. ಕೈ ಮತ್ತೆ ಎದ್ದಿತು. ಐದನೆಯ ಸಲ ಕೈ ಏಳಲಿಲ್ಲ. ಪೂಜಿತಾ ಅವನ ಮುಖ ನೋಡದೆ ಆ ಸಾಲನ್ನು ಎತ್ತಿಕೊಂಡಳು.

ಶನಿವಾರ ಸಂಜೆಯವರೆಗೂ ಕೂತರು. ಅವನು ನೆನಪು ಕೆದಕಿದ, ತಲೆ ಚಚ್ಚಿಕೊಂಡ, ರತ್ನಕ್ಕನ ಧಾಟಿ ನಡುವೆ ನುಗ್ಗಿ ಎಲ್ಲ ಕೆಡಿಸಿತು. ಆಯ್ತಾರ ಚಪ್ಪರದಡಿ ಮದುಮಗಳೇ ತನ್ನ ಸೋಬಾನೆ ಹೇಳಿಕೊಂಡಳು. ಹನ್ನೊಂದರಲ್ಲಿ ಸಿಕ್ಕಿದ್ದು ಒಂದೂವರೆ. ಅರ್ಧಕ್ಕೆ ನಿಂತ ಜಾಗದಲ್ಲಿ ಪದ್ದಮ್ಮನ ತುಟಿ ಮಾತ್ರ ಕೊನೆಯವರೆಗೆ ಅಲುಗುತ್ತಿತ್ತು.