ಸಾಕು ಎನ್ನುವ ಎಲೆ

ತೊಟ್ಟಿಯ ಮೇಲಿನ ದೀಪ ಒಂದು ಎಲೆಯನ್ನು ಗಮನಿಸುತ್ತಿತ್ತು. ಉಗುರಿನಷ್ಟು ಅಗಲದ ಬೆಳಕಿನ ಚುಕ್ಕೆ ನೀರೊಳಗಿನ ಜರಿಗಿಡದ ಬುಡದಿಂದ ತುದಿಯವರೆಗೆ ನಿಧಾನವಾಗಿ ಸರಿಯಿತು. ತುದಿಯಲ್ಲಿ ಕ್ಷಣ ನಿಂತು, ತಾನಾಗಿಯೇ ಮಂಕಾಗಿ, ಪಕ್ಕದ ಎಲೆಗೆ ದಾಟಿತು. ಮೊದಲನೆಯ ಎಲೆಗೆ ಹೊಟ್ಟೆ ತುಂಬಿತ್ತು.

ವಿಜಯಪುರದ ನೆಲಮನೆಗಳಲ್ಲಿ ಇಂಥ ದೀಪ ಈಗ ಮಾಮೂಲು. ಬಿಸಿಲು ಮನುಷ್ಯರು ತಾಳುವ ಮಟ್ಟವನ್ನು ಮೀರಿದ ಮೇಲೆ ಅರ್ಧ ಊರು ನೆಲದಡಿಗೆ ಇಳಿದು ಇಪ್ಪತ್ತು ವರ್ಷಗಳೇ ಆಗಿದ್ದವು. ಕೆಳಗೆ ತಂಪಿತ್ತು, ಆದರೆ ಕಿಟಕಿ ಇರಲಿಲ್ಲ. ಬರಿಗೋಡೆ ನೋಡಿ ಬೇಸತ್ತ ಜನ ಗಾಜಿನ ತೊಟ್ಟಿ ಇಟ್ಟು, ನೀರು ತುಂಬಿ, ಗಿಡ ನೆಟ್ಟು, ಮೀನು ಬಿಟ್ಟುಕೊಂಡು ಅದನ್ನೇ ಕಿಟಕಿ ಎಂದು ಕರೆಯತೊಡಗಿದರು. ಕರೆಂಟಿನ ಬಹುಪಾಲು ಗಾಳಿಯಾಡಿಸುವ ಯಂತ್ರಗಳಿಗೇ ಹೋಗುತ್ತಿದ್ದುದರಿಂದ ಮನೆಗಳಲ್ಲಿ ಬೆಳಕಿಗೆ ಬಡತನ. ಮಬ್ಬಿನಲ್ಲಿಯೇ ಬಿಟ್ಟರೆ ಗಿಡ ಸೊರಗುವುದು. ಪಾಪ ಎಂದು ದಿನವಿಡೀ ದೀಪ ಉರಿಸಿದರೆ ಗಿಡಕ್ಕಿಂತ ಮೊದಲು ಪಾಚಿ ಕೊಬ್ಬಿ ಗಾಜಿಗೆಲ್ಲ ಹಸಿರು ಬಳಿಯುವುದು.

ಇದಕ್ಕೆ ಉಪಾಯ ಕಂಡುಹಿಡಿದವಳು ಸಸ್ಯವಿಜ್ಞಾನಿ ಡಾ. ರುಕ್ಸಾನಾ ಇನಾಮದಾರ. ಎಲೆ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಉಣ್ಣಲಾರದು. ಮಿಕ್ಕಿದ್ದರಲ್ಲಿ ಒಂದಿಷ್ಟನ್ನು ಕಡುಗೆಂಪು ಮಿನುಗಾಗಿ ಹೊರಗೆ ಬಿಡುತ್ತದೆ. ನಮ್ಮ ಕಣ್ಣಿಗೆ ಕಾಣದಷ್ಟು ಮಂದವಾದ ಆ ಮಿನುಗನ್ನು ರುಕ್ಸಾನಾಳ ದೀಪ ಓದುತ್ತಿತ್ತು. ಮಿನುಗು ಏರಿದರೆ ಎಲೆ ಸಾಕು ಎಂದಂತೆ, ಆಗ ದೀಪ ಹಿಂದೆ ಸರಿಯುತ್ತಿತ್ತು. ಪಾಚಿಯ ಮಿನುಗಿನ ಬಗೆಯೇ ಬೇರೆ, ಅದು ಕಂಡಲ್ಲಿ ಬೆಳಕು ಬೀಳುತ್ತಲೇ ಇರಲಿಲ್ಲ. ಚೆನ್ನಾಗಿ ಉಂಡ ಗಿಡಗಳು ನೀರಿನ ಸಾರವನ್ನೂ ಹೀರಿಕೊಂಡಾಗ ಪಾಚಿ ಎರಡೂ ಕಡೆಯಿಂದ ಉಪವಾಸ ಬೀಳುತ್ತಿತ್ತು. ಜನ ಇದಕ್ಕೆ ಕೇಳುದೀಪ ಎಂದು ಹೆಸರಿಟ್ಟರು.

ಸಾವಿರಾರು ಮನೆಗಳಲ್ಲಿ ಗೆದ್ದ ಕೇಳುದೀಪ ಗುರುಬಸವ್ವನ ಮನೆಯಲ್ಲಿ ಮಾತ್ರ ಸೋತಿತು. ಎರಡು ಸಲ ಹೊಸ ದೀಪ ಹಾಕಿಸಿದರೂ ಪಾಚಿ ಜಗ್ಗಲಿಲ್ಲ. ತನ್ನ ಕೆಲಸದ ಹುಡುಗರನ್ನು ಕಳಿಸಿ ಸುಸ್ತಾದ ರುಕ್ಸಾನಾ ಒಂದು ಸಂಜೆ ತಾನೇ ಮೆಟ್ಟಿಲಿಳಿದು ಬಂದಳು.

“ಬರ್ರಿ ಬಾಯಾರ. ನಿಮ್ಮ ದೀಪಕ್ಕ ಕಣ್ಣಿನ ಪೊರಿ ಬಂದದ ನೋಡ್ರಿ,” ಎಂದು ಗುರುಬಸವ್ವ ಬಾಗಿಲಲ್ಲೇ ಚುಡಾಯಿಸಿದಳು. ಮರುಕ್ಷಣವೇ ದನಿ ತಗ್ಗಿಸಿದಳು. “ಸಾವಕಾಶ ಮಾತಾಡ್ರಿ, ಸೊಸಿ ಒಳಗ ಮಲಗ್ಯಾಳ.”

ಸೊಸೆ ಶಿವಲೀಲಾ ನೆಲದ ಮೇಲಿನ ಸೌರಫಲಕಗಳನ್ನು ತೊಳೆಯುವ ಕೆಲಸದಾಕೆ. ಹಗಲು ಆ ಫಲಕಗಳನ್ನು ಮುಟ್ಟುವಂತಿಲ್ಲ, ಕೆಲಸವೆಲ್ಲ ಸೂರ್ಯ ಮುಳುಗಿದ ಮೇಲೆ. ಗಂಡ ಕಾರವಾರದ ಬಂದರಿನಲ್ಲಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಬೆಳಿಗ್ಗೆ ಶಿವಲೀಲಾ ಮನೆ ಸೇರುವಾಗ ಏಳು ವರ್ಷದ ಮಗಳು ಇಂಚರಾ ಶಾಲೆಗೆ ಹೊರಟಿರುತ್ತಿದ್ದಳು. ತಾಯಿ ಮಗಳು ಮಾತಾಡುತ್ತಿದ್ದುದು ಬಹಳಮಟ್ಟಿಗೆ ಮೆಟ್ಟಿಲ ಮೇಲೆ.

“ಪಾಚಿ ಹಾಳಾಗಿ ಹೋಗ್ಲಿ ಬಾಯಾರ, ಈ ಕೂಸನ್ನ ನೋಡ್ರಿ,” ಎಂದಳು ಗುರುಬಸವ್ವ, ಮೊಮ್ಮಗಳ ತೆಳ್ಳನೆಯ ತೋಳು ಹಿಡಿದು. “ತಾಟು ಖಾಲಿ ಮಾಡ್ತಾಳ, ಮೈಗೆ ಹತ್ತವಲ್ದು. ದವಾಖಾನ್ಯಾಗ ರಕ್ತ ತಗದು ನೋಡಿದ್ರು, ಏನೂ ಇಲ್ಲಂತ. ಎರಡು ರೊಟ್ಟಿ ಹಾಕಾಕಿ ಈಗ ಮೂರು ಹಾಕಾಕತ್ತೀನಿ. ಇನ್ನೇನು ಮಾಡ್ಲಿ ಹೇಳ್ರಿ? ನನ್ನ ಜೀವಾನ ಈಕಿಮ್ಯಾಲೆ ಅದ.”

ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ರುಕ್ಸಾನಾ ದೀಪ ಬಿಚ್ಚಿ ನೋಡಿದಳು. ಕೂದಲಷ್ಟೂ ದೋಷವಿರಲಿಲ್ಲ. ಎಲೆಗಳು ಸಾಕು ಎನ್ನುತ್ತಿದ್ದವು, ದೀಪ ಕೇಳುತ್ತಿತ್ತು. ಹಾಗಾದರೆ ಪಾಚಿಗೆ ಊಟ ಬೇರೆಲ್ಲಿಂದಲೋ ಬರುತ್ತಿರಬೇಕು. ತೊಟ್ಟಿಯಲ್ಲಿ ತಿನಿಸು ಕೊಳೆತರೆ ಅದರ ಸಾರವನ್ನು ನಾಲ್ಕು ಗಿಡ ಹೀರಿ ಮುಗಿಸಲಾರವು. ಉಳಿದದ್ದು ಪಾಚಿಯ ಪಾಲು, ಅಷ್ಟಿದ್ದರೆ ಅದು ಚೂರುಪಾರು ಬೆಳಕಿನಲ್ಲೂ ಬದುಕಿಕೊಳ್ಳುತ್ತದೆ. ಅವಳು ರಬ್ಬರ್ ನಳಿಗೆಯನ್ನು ದೊಡ್ಡ ಕಲ್ಲಿನ ಹಿಂದಕ್ಕೆ ಇಳಿಬಿಟ್ಟು ನೀರೆಳೆದಳು. ಬಕೆಟ್ಟಿಗೆ ಬೂದುಬಣ್ಣದ ಮೆತ್ತನೆಯ ರಾಡಿ ಬಂದು ಬಿತ್ತು. ಬೆರಳಿನಲ್ಲಿ ತಿಕ್ಕಿ ನೋಡಿದಳು. ಕರಗದೆ ಉಳಿದದ್ದು ಎಳ್ಳು, ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳು.

ತಲೆ ಎತ್ತಿದರೆ ಇಂಚರಾ ಪಕ್ಕದಲ್ಲೇ ನಿಂತು ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದಳು.

“ಬೈಯಂಗಿಲ್ಲ ನಾ,” ಎಂದು ರುಕ್ಸಾನಾ ಮೊದಲೇ ಹೇಳಿದಳು. “ನಿನಗ ಹಸಿವಿ ಆಗಂಗಿಲ್ಲೇನವಾ?”

“ಆಗ್ತದ್ರಿ. ಸಾಲಿಯಿಂದ ಬಂದಕೂಡ್ಲೆ ಆಗ್ತದ. ಅವ್ವ ಎದ್ದಮ್ಯಾಗ ಆಕಿ ಕೂಡ ಉಣ್ಣೂಣು ಅಂತ ಕುಂದರ್ತೀನಿ. ಆಕಿ ಎದ್ದಾಕಿನ ಬುತ್ತಿ ತಗೊಂಡು ಓಡ್ತಾಳ. ಆಮ್ಯಾಗ ನನ್ನ ಹಸಿವೀನೂ ಹೋಗಿಬಿಡ್ತದ.” ಹುಡುಗಿ ಅಡುಗೆಮನೆಯ ಕಡೆ ನೋಡಿ ಪಿಸುಗುಟ್ಟಿದಳು. “ಆಯಿಗೆ ಸಾಕು ಅಂತೀನಿ. ಆಕಿ ಮತ್ತೊಂದು ಹಾಕ್ತಾಳ. ತಿನ್ನಲಿಲ್ಲಂದ್ರ ಅಳ್ತಾಳ. ಅದಕ್ಕ ಆಕಿ ಒಲಿ ಕಡೆ ತಿರುಗಿದಾಗ ಇದರಾಗ ಹಾಕಿಬಿಡ್ತೀನಿ.”

ರುಕ್ಸಾನಾ ಬೆರಳಿಗಂಟಿದ ಎಳ್ಳನ್ನು ಬಕೆಟ್ಟಿಗೆ ಉದುರಿಸಿದಳು. ಇಂಚರಾ ದೀಪದ ಕಡೆ ನೋಡಿ ಕೇಳಿದಳು.

“ನಿಮ್ಮ ದೀಪಕ್ಕ ಎಲಿಗೆ ಎಷ್ಟು ಬೇಕು ಅನ್ನೂದು ತಿಳಿತದಲ್ರಿ?”

“ತಿಳಿತದ.”

“ಯಾರ ಕೂಡ ಉಣಬೇಕು ಅನ್ನೂದು?”

ಅಷ್ಟರಲ್ಲಿ ಗುರುಬಸವ್ವ ಕರೆದಳು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಮಾತೇ ಇರಲಿಲ್ಲ. ರುಕ್ಸಾನಾ, ಇಂಚರಾ ಎದುರುಬದುರು ಕುಳಿತರು. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಬಿಸಿ ರೊಟ್ಟಿ. ರುಕ್ಸಾನಾ ಎರಡು ರೊಟ್ಟಿ ಮುಗಿಸಿ ಸಾಕು ಎಂದಳು. ಮೂರನೆಯದು ಬಿತ್ತು. ಆ ಸೀಮೆಯಲ್ಲಿ ಉಣ್ಣುವವರ ಮೊದಲನೆಯ ‘ಸಾಕು’ ಸಂಕೋಚ, ಎರಡನೆಯದು ಮರ್ಯಾದೆ, ಮೂರನೆಯದನ್ನು ಯಾರೂ ಕೇಳಿಸಿಕೊಳ್ಳುವುದೇ ಇಲ್ಲ. ಅದೇ ಊರಿನಲ್ಲಿ ಬೆಳೆದ ರುಕ್ಸಾನಾಳಿಗೂ ಅದು ಹೊಸದೇನಲ್ಲ.

“ಸಾಕ್ರಿ ಆಯಿ, ಖರೇನ,” ಎಂದು ತಾಟಿಗೆ ಕೈ ಅಡ್ಡ ಹಿಡಿದಳು.

“ನಾಚ್ಕೋಬ್ಯಾಡ್ರಿ, ತಗೋರಿ,” ಎಂದು ಗುರುಬಸವ್ವ ಕೈ ಸರಿಸಿ ನಾಲ್ಕನೆಯದನ್ನು ಹಾಕಹೋದಳು.

“ಆಯಿ, ಅವರು ಸಾಕು ಅಂದ್ರು.”

ಹೇಳಿದವಳು ಇಂಚರಾ. ತನಗಾಗಿ ಎಂದೂ ಎತ್ತದಿದ್ದ ದನಿಯನ್ನು ಆ ಮಗು ಅತಿಥಿಗಾಗಿ ಎತ್ತಿತ್ತು. ಗುರುಬಸವ್ವ ರೊಟ್ಟಿ ಹಿಡಿದುಕೊಂಡೇ ಅವಳ ಕಡೆ ತಿರುಗಿದಳು.

“ನಾನೂ ಅಂತೀನಿ,” ಎಂದಳು ಇಂಚರಾ. “ದಿನಾ ಅಂತೀನಿ. ನೀ ಕೇಳಂಗಿಲ್ಲ.” ಇನ್ನು ಮುಚ್ಚಿಡಲಾಗದೆ ಬಕೆಟ್ಟಿನ ಕಡೆ ಬೆರಳು ತೋರಿಸಿ ಅಳುತ್ತ, ಅವ್ವನಿಗಾಗಿ ಕಾಯುವುದನ್ನೂ ಸೇರಿಸಿ, ಎಲ್ಲ ಹೇಳಿಬಿಟ್ಟಳು.

ಗುರುಬಸವ್ವ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ತನ್ನ ಕೈಯ ರೊಟ್ಟಿಯ ಗುರುತು ಅವಳಿಗೆ ಎಳ್ಳಿನಿಂದಲೇ ಸಿಕ್ಕಿತು. ಬಕೆಟ್ಟಿನ ಪಕ್ಕದಲ್ಲೇ ಕುಳಿತಳು.

“ಅಂದ್ರ ಇಷ್ಟು ದಿನ ನಾ ಪಾಚಿಗೆ ಉಣ್ಣಿಸಿದ್ನೇನವಾ? ನನ್ನ ಕೂಸು ಉಪಾಸ ಮಲಗ್ತಿತ್ತೇನು?”

ಮಾತಿನ ಸದ್ದಿಗೆ ಶಿವಲೀಲಾ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಮಗಳನ್ನು ಎಳೆದು ಅಪ್ಪಿಕೊಂಡಳು. “ಅತ್ತಿ, ನನ್ನ ಯಾಕ ಎಬ್ಬಸ್ಲಿಲ್ರಿ?”

“ದಣದು ಬಂದಿರ್ತಿ, ಇನ್ನೊಂದೀಟು ಮಲಗ್ಲಿ ಅಂತ...”

“ಮ್ಯಾಲೆ ಕತ್ತಲಾಗ ಒಬ್ಬಾಕಿನ ಕುಂತು ಬುತ್ತಿ ಬಿಚ್ತೀನ್ರಿ. ತುತ್ತು ಗಂಟಲದಾಗ ಇಳಿಯಂಗಿಲ್ಲ. ನೀವು ಪ್ರೀತಿಲೆ ಕಟ್ಟಿರ್ತೀರಿ, ಇದನ್ನ ಹೆಂಗ ಹೇಳ್ಲಿ?”

ಒಬ್ಬರ ಮೇಲೊಬ್ಬರಿಗಿದ್ದ ಕಕ್ಕುಲತೆಯಿಂದಲೇ ತಾಯಿ, ಮಗಳು ಇಬ್ಬರೂ ಅರೆಹೊಟ್ಟೆಯಲ್ಲಿದ್ದರು. ರುಕ್ಸಾನಾ ಎದ್ದು ಕೈ ತೊಳೆದು ದೀಪದ ಸಮಯ ಬದಲಿಸಿದಳು. ಕಿಟಕಿಯಿಲ್ಲದ ಮನೆಯ ಗಿಡಕ್ಕೆ ಬೆಳಕು ಯಾವ ಹೊತ್ತಿಗೆ ಬಂದರೂ ಸೈ. “ನಾಳಿಯಿಂದ ಇದು ಸಂಜಿ ಐದೂವರಿಗೆ ಹತ್ತತದ. ಹತ್ತಿದಾಗ ಶಿವಲೀಲಾನ್ನ ಎಬ್ಬಸ್ರಿ, ಎಲ್ಲಾರೂ ಕೂಡಿ ಕುಂದರ್ರಿ. ಎಲಿ ಉಣ್ಣೂ ಹೊತ್ತಿಗೆ ನೀವೂ ಉಣ್ರಿ,” ಎಂದಳು.

ಮುಂದೆ ಒಂದು ಕಂಪನಿಯವರು ರುಕ್ಸಾನಾಳನ್ನು ಹುಡುಕಿಕೊಂಡು ಬಂದರು. ಕೇಳುದೀಪದ ವಿದ್ಯೆಯಿಂದ ಮಕ್ಕಳಿಗೊಂದು ತಾಟು ಮಾಡಿಕೊಡಬೇಕಂತೆ. ಹೊಟ್ಟೆ ತುಂಬಿತೋ ಇಲ್ಲವೋ ಎಂದು ಅದು ತಾಯ್ತಂದೆಯರಿಗೆ ಹೇಳಬೇಕಂತೆ. ಅವಳು ಬಹಳ ಹೊತ್ತು ಯೋಚಿಸಲಿಲ್ಲ.

“ಎಲಿಗೆ ಬಾಯಿಲ್ಲ, ಅದಕ್ಕ ದೀಪ ಬೇಕಾತು,” ಎಂದಳು. “ಮಕ್ಕಳಿಗೆ ಬಾಯಿ ಅದಲ್ರಿ.”

ಹಿಂದಿನ ಕಾಲದಲ್ಲೂ, ಮನೆಗಳಿಗೆ ಕಿಟಕಿಯಿದ್ದು ಹಗಲಿಡೀ ಪುಕ್ಕಟೆ ಬೆಳಕು ಬೀಳುತ್ತಿದ್ದ ಕಾಲದಲ್ಲೂ, ಮಕ್ಕಳು ಹೀಗೇ ಸಾಕು ಎನ್ನುತ್ತಿದ್ದವು, ಯಾರಿಗಾಗಿಯೋ ಕಾಯುತ್ತಿದ್ದವು. ಆಗಲೂ ಕೇಳಿಸಿಕೊಳ್ಳಲು ಯಾವ ಯಂತ್ರವೂ ಬೇಕಿರಲಿಲ್ಲ.

ಮಳೆಗಾಲ ಶುರುವಾದ ಮೇಲೆ ರುಕ್ಸಾನಾ ಮತ್ತೊಮ್ಮೆ ಗುರುಬಸವ್ವನ ಮನೆಗೆ ಹೋದಳು. ದೀಪ ಆಗಷ್ಟೇ ಹೊತ್ತಿತ್ತು. ಗಾಜು ತಿಳಿಯಾಗಿತ್ತು, ಜರಿಗಿಡದಲ್ಲಿ ಎಳೆಯ ಚಿಗುರುಗಳಿದ್ದವು. ಇಂಚರಾ ತಾಯಿಯ ತೊಡೆಗೆ ತೊಡೆ ಹಚ್ಚಿ ಕುಳಿತು ಉಣ್ಣುತ್ತಿದ್ದಳು, ಕೆನ್ನೆ ತುಂಬಿಕೊಂಡಿತ್ತು. ಗುರುಬಸವ್ವ ಬಿಸಿ ರೊಟ್ಟಿ ತಂದಳು. ಅಭ್ಯಾಸ ಬಿಡಬೇಕಲ್ಲ, ಕೈ ತಾನಾಗಿ ಮೊಮ್ಮಗಳ ತಾಟಿನ ಮೇಲೆ ಹೋಯಿತು. ಅಲ್ಲಿಯೇ ನಿಂತಿತು.

“ಬೇಕೇನವಾ?” ಎಂದು ಕೇಳಿದಳು. ಕೇಳಿ, ಕಾದಳು.

ಇಂಚರಾ ತನ್ನ ಹೊಟ್ಟೆಯನ್ನೇ ವಿಚಾರಿಸುವವಳಂತೆ ಅದರ ಮೇಲೆ ಕೈಯಿಟ್ಟು ನೋಡಿ, “ಅರ್ಧ,” ಎಂದಳು.

ಗುರುಬಸವ್ವ ಅರ್ಧವನ್ನೇ ಮುರಿದು ಹಾಕಿದಳು. ಉಳಿದರ್ಧ ಹಿಡಿದು ತಾನೂ ಅವರ ಪಕ್ಕ ಉಣ್ಣಲು ಕುಳಿತಳು. ತೊಟ್ಟಿಯ ಮೀನುಗಳು ಮಾತ್ರ ಹಳೆಯ ನೆನಪಿನಿಂದ ಕಲ್ಲಿನ ಹತ್ತಿರ ಬಂದು ಇನ್ನೂ ಕಾಯುತ್ತಿದ್ದವು.